ಗುಂಡಿನ ವಿನ್ಯಾಸ, ಕತ್ತಿನ ಬಿಗಿ, ಕ್ರಿಂಪ್: ರೈಫಲ್ ತೋಟಾ ಕಟ್ಟುವವರಿಗೂ ಕೊಳ್ಳುವವರಿಗೂ ಸಮಗ್ರ ಮಾರ್ಗದರ್ಶಿ

ಸಡಿಲವಾಗಿ ಕೂತ ಗುಂಡನ್ನು ಕ್ರಿಂಪ್ ಹಾಕಿ ಬಿಗಿ ಮಾಡಬಹುದು ಎಂಬ ನಂಬಿಕೆ ತೋಟಾ ಕಟ್ಟುವವರಲ್ಲಿ ಬಹಳ ಹಳೆಯದು. ಅದು ತಪ್ಪು ನಂಬಿಕೆ. ರೈಫಲ್ ತೋಟಾದಲ್ಲಿ ಗುಂಡನ್ನು ಹಿಡಿದಿಡುವುದು ಮದ್ದು ತುಂಬಿದ ಹಿತ್ತಾಳೆ ಕೇಸಿನ ಕಿರಿದಾದ ಕತ್ತು. ಕೇಸಿನ ಬಾಯಿಯ ಅಂಚನ್ನು ಒಳಕ್ಕೆ ಮಡಿಸಿ ಗುಂಡಿಗೆ ಕಚ್ಚಿಸುವ ಕೆಲಸಕ್ಕೆ ಕ್ರಿಂಪ್ ಎನ್ನುತ್ತಾರೆ. ಅದು ಕತ್ತಿನ ಹಿಡಿತಕ್ಕೆ ಒಂದು ಕಾವಲು, ಅಷ್ಟೇ. ಕಾವಲು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಗುಂಡಿನ ವಿನ್ಯಾಸವೂ ರೈಫಲಿನ ಬಗೆಯೂ ತೀರ್ಮಾನಿಸುತ್ತವೆ. ಆದ್ದರಿಂದ ಗುಂಡಿನಿಂದ ಆರಂಭಿಸಿ ಕ್ರಿಂಪ್‌ಗೆ ಬರುವುದೇ ಸರಿಯಾದ ದಾರಿ. ಬಹುಪಾಲು ಜನ ತಿರುಗಾಮುರುಗಾ ಹೋಗುತ್ತಾರೆ.

ಸೇನೆಯ ಕಾರ್ಯಾಗಾರದಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ವಿರಾಜಪೇಟೆಯ ಕಡೆ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಅಳಿಯ ನ್ಯೂಜಿಲೆಂಡಿನಲ್ಲಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ತಂದುಬಿಟ್ಟ ಕೆಂಪು ಜಿಂಕೆ ಅಲ್ಲಿನ ಕಾಡಿಗೆ ಪೀಡೆಯಾಗಿದೆ, ಅದರ ಬೇಟೆ ಕಾನೂನುಬದ್ಧ. ಪರವಾನಗಿ ಇರುವ ಬೇಟೆಗಾರರು ತಮ್ಮ ತೋಟಾಗಳನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಅಲ್ಲಿಗೆ ಹೋದಾಗಲೆಲ್ಲ ಅಳಿಯನ ಮೇಜಿನ ಮುಂದೆ ಕೂರುತ್ತೇನೆ. ‘ಮಾವ, ಇದಕ್ಕೆ ಕ್ರಿಂಪ್ ಹಾಕಲೇ?’ ಎಂದು ಅವನು ಕೇಳುವ ಪ್ರಶ್ನೆಗೆ ಉತ್ತರ ಬೆಳೆದು ಬೆಳೆದು ಈ ಬರಹವಾಗಿದೆ.

ಮೊದಲು ಕಾನೂನು

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ವಿನಾಯಿತಿ ಇರುವುದು ಕೋವಿಯನ್ನು ಇಟ್ಟುಕೊಳ್ಳಲು, ಹಿಡಿದು ಓಡಾಡಲು. ತೋಟಾ ತಯಾರಿಕೆ ಕಾಯ್ದೆಯ 5ನೆಯ ಸೆಕ್ಷನ್ನಿಗೆ ಸೇರಿದ ಮಾತು, ಅದಕ್ಕೆ ಬೇರೆಯೇ ಪರವಾನಗಿ ಬೇಕು. ಮದ್ದುಗುಂಡು ಎಂಬುದಕ್ಕೆ ಕಾಯ್ದೆ ಕೊಡುವ ವ್ಯಾಖ್ಯೆಯೊಳಗೆ ತೋಟಾದ ಬಿಡಿಭಾಗಗಳೂ ಅವನ್ನು ತಯಾರಿಸುವ ಯಂತ್ರವೂ ಬರುತ್ತವೆ. ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ತೋಟಾ ಕಟ್ಟುವ ಒಂದು ಪ್ರೆಸ್, ಒಂದು ಡಬ್ಬಿ ಗುಂಡು ತರಿಸಿಕೊಳ್ಳೋಣ ಎಂದುಕೊಂಡವರು ಈ ಸಾಲನ್ನು ಎರಡು ಸಲ ಓದಬೇಕು. ಬೇಟೆಯ ವಿಷಯದಲ್ಲಿ ಚರ್ಚೆಗೇ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಜ್ಜಂದಿರ ಕಾಲದ ಬೇಟೆ ಕಥೆಯಾಗಿ ಉಳಿದಿದೆ.

ಹಾಗಾಗಿ ಕೆಳಗಿನ ಹೆಜ್ಜೆಗಳು ತೋಟಾ ಕಟ್ಟುವುದು ಕಾನೂನುಬದ್ಧವಾಗಿರುವ ದೇಶಗಳಲ್ಲಿ ನೆಲೆಸಿರುವ ನಮ್ಮವರಿಗೆ. ಊರಿನಲ್ಲಿ ಕಾರ್ಖಾನೆಯ ತೋಟಾ ಕೊಂಡು ಬಳಸುವವರಿಗೆ ಬೇಕಾದದ್ದು ಕೊನೆಯ ಭಾಗದಲ್ಲಿದೆ. ಆದರೂ ಮೊದಲ ಭಾಗ ಓದಿದರೆ ಎರಡನೆಯದು ಏಕೆ ಹಾಗಿದೆ ಎಂಬುದು ಗೊತ್ತಾಗುತ್ತದೆ. ಮದ್ದಿನ ಅಳತೆಯನ್ನು ನಾನು ಎಲ್ಲಿಯೂ ಬರೆದಿಲ್ಲ. ಅದನ್ನು ಗುಂಡು ಅಥವಾ ಮದ್ದು ತಯಾರಿಸುವ ಕಂಪನಿಯ ಅಚ್ಚಾದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಯಾರದೋ ಬಾಯಿಮಾತಿನಿಂದಲ್ಲ.

ಹೆಜ್ಜೆ 1: ಗುಂಡನ್ನು ಓದುವುದು

ಒಂದು ಗುಂಡನ್ನು ಬೆಳಕಿಗೆ ಹಿಡಿದು ಮೂತಿಯಿಂದ ತಳದವರೆಗೆ ನಿಧಾನವಾಗಿ ನೋಡಿ. ಮೂತಿ ಚೂಪೋ, ಮೊಂಡೋ, ಚಪ್ಪಟೆಯೋ? ಮೂತಿಯ ಬಾಗು ಮುಗಿದು ನೇರವಾದ ಮೈ ಎಲ್ಲಿ ಆರಂಭವಾಗುತ್ತದೆ? ಆ ಮೈಯ ಮೇಲೆ ಸಣ್ಣ ಹಲ್ಲುಗೆರೆಗಳ ಒಂದು ಪಟ್ಟಿ ಸುತ್ತಿಕೊಂಡಿದೆಯೇ? ಆ ಪಟ್ಟಿಗೆ ಕ್ಯಾನಲೂರ್ ಎನ್ನುತ್ತಾರೆ. ಕ್ರಿಂಪ್‌ನ ಮಟ್ಟಿಗೆ ಗುಂಡಿನ ಮೇಲೆ ಅದಕ್ಕಿಂತ ಮುಖ್ಯವಾದ ಗುರುತಿಲ್ಲ. ಕೇಸಿನ ಬಾಯಿ ಇಲ್ಲಿ ಕಚ್ಚಲಿ ಎಂದು ತಯಾರಕರೇ ತೋರಿಸಿಕೊಟ್ಟಿರುವ ಜಾಗ ಅದು. ಕೊನೆಗೆ ತಳ ನೋಡಿ, ಚಪ್ಪಟೆಯೋ ಅಥವಾ ದೋಣಿಯ ಹಿಂಬದಿಯಂತೆ ಕಿರಿದಾಗಿದೆಯೋ ಎಂದು.

ಬೇಟೆಯ ಗುಂಡಿನ ಇತಿಹಾಸದಲ್ಲಿ ನಮ್ಮ ದೇಶದ ಹೆಸರೂ ಇದೆ. ಸೀಸದ ತಿರುಳಿಗೆ ತಾಮ್ರಮಿಶ್ರ ಲೋಹದ ಹೊದಿಕೆ ಹಾಕಿ, ಮೂತಿಯಲ್ಲಿ ಮಾತ್ರ ಸೀಸವನ್ನು ತೆರೆದು ಬಿಟ್ಟ ಗುಂಡನ್ನು 1890ರ ದಶಕದಲ್ಲಿ ಕಲ್ಕತ್ತಾದ ಪಕ್ಕದ ಡಮ್‌ಡಮ್ ಶಸ್ತ್ರಾಗಾರದಲ್ಲಿ ತಯಾರಿಸಿದರು. 1899ರ ಹೇಗ್ ಘೋಷಣೆ ದೇಹದೊಳಗೆ ಅರಳುವ ಗುಂಡನ್ನು ಯುದ್ಧದಿಂದ ಹೊರಗಿಟ್ಟಿತು. ಆದರೆ ಪ್ರಾಣಿ ನರಳದೆ ಬೇಗ ಸಾಯಬೇಕಾದ ಬೇಟೆಯಲ್ಲಿ ಅದೇ ತತ್ತ್ವ ಇಂದಿಗೂ ಆಧಾರ. ಸಾಫ್ಟ್ ಪಾಯಿಂಟ್ ಎಂದು ಕರೆಯುವುದು ಇದನ್ನೇ. ನಮ್ಮ ಇಶಾಪುರದ ರೈಫಲ್ ಕಾರ್ಖಾನೆಯ .315 ರೈಫಲಿಗೆ ಬರುವ 244 ಗ್ರೇನ್ ತೂಕದ, ಎಂದರೆ ಸುಮಾರು 15.8 ಗ್ರಾಂನ, ಮೊಂಡುಮೂತಿಯ ಗುಂಡು ಇದೇ ಜಾತಿಯದು. ಆ ತೋಟಾ ಮೂಲದಲ್ಲಿ ಆಸ್ಟ್ರಿಯಾದ 8×50 ಮ್ಯಾನ್‌ಲಿಕರ್. ಸೇನೆಯ .303 ಅನ್ನು ನಾಗರಿಕರಿಗೆ ಕೊಡದ ಕಾರಣ ನಮ್ಮಲ್ಲಿ ಆ ಅಳತೆ ಬೇರೂರಿತು.

ಸಾದಾ ಸಾಫ್ಟ್ ಪಾಯಿಂಟ್‌ನ ದೌರ್ಬಲ್ಯವೆಂದರೆ ಅತಿ ವೇಗದಲ್ಲಿ ಹತ್ತಿರದಿಂದ ಮೂಳೆಗೆ ಬಡಿದಾಗ ಹೊದಿಕೆ ಒಂದು ಕಡೆ, ಸೀಸ ಒಂದು ಕಡೆಯಾಗಿ ಚೂರಾಗುವುದು. ಇದಕ್ಕೆ ಮೂರು ಪರಿಹಾರಗಳು ಬಂದವು. ಗುಂಡಿನ ನಡುವೆ ಲೋಹದ ಒಂದು ಅಡ್ಡಗೋಡೆ ಬಿಟ್ಟು, ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಮುನ್ನುಗ್ಗುವಂತೆ ಮಾಡುವುದು ಒಂದು. ಅಮೆರಿಕದ ಜಾನ್ ನೋಸ್ಲರ್ 1940ರ ದಶಕದಲ್ಲಿ ಮಾಡಿದ ಪಾರ್ಟಿಶನ್ ಗುಂಡು ಅಂಥದ್ದು. ಸೀಸವನ್ನು ಹೊದಿಕೆಗೆ ಬೆಸೆದುಬಿಡುವುದು ಎರಡನೆಯದು, ಅದು ಬಾಂಡೆಡ್ ಗುಂಡು. ಸೀಸವನ್ನೇ ಬಿಟ್ಟು ಇಡೀ ಗುಂಡನ್ನು ತಾಮ್ರದಲ್ಲಿ ಮಾಡಿ ಮೂತಿಯಲ್ಲಿ ಕುಳಿ ಕೊರೆಯುವುದು ಮೂರನೆಯದು. 1980ರ ದಶಕದ ಕೊನೆಯಲ್ಲಿ ಬಂದ ಬಾರ್ನ್ಸ್ ಕಂಪನಿಯ ಎಕ್ಸ್ ಗುಂಡು ಇದನ್ನು ಜನಪ್ರಿಯಗೊಳಿಸಿತು.

ಕ್ರಿಂಪ್‌ಗೂ ಇದಕ್ಕೂ ಏನು ಸಂಬಂಧ? ಬಹಳ ಇದೆ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.3 ಗ್ರಾಂ, ತಾಮ್ರದ್ದು 9ಕ್ಕಿಂತ ಸ್ವಲ್ಪ ಕಡಿಮೆ. ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಹೊರ ಉದ್ದ ರೈಫಲಿನಲ್ಲಿ ತೋಟಾ ತುಂಬಿಡುವ ಮ್ಯಾಗಝೀನ್‌ಗೆ ಸರಿಹೊಂದಬೇಕಾದ್ದರಿಂದ ಹೆಚ್ಚಾದ ಉದ್ದ ಕೇಸಿನ ಒಳಗೆ ಇಳಿಯುತ್ತದೆ, ಮದ್ದಿನ ಜಾಗ ತಿನ್ನುತ್ತದೆ. ಸೀಸದ ಗುಂಡಿಗೆ ಕೊಟ್ಟ ಅಳತೆಯನ್ನು ಅದೇ ತೂಕದ ತಾಮ್ರದ ಗುಂಡಿಗೆ ಬಳಸಬಾರದು ಎನ್ನುವುದು ಇದಕ್ಕೇ. ತಾಮ್ರದ ಗುಂಡಿನ ಮೈಮೇಲೆ ಒತ್ತಡ ಇಳಿಸಲೆಂದು ಕೊರೆದ ಆಳವಾದ ತೋಡುಗಳಿರುತ್ತವೆ. ಅಗತ್ಯವಿದ್ದರೆ ಕ್ರಿಂಪ್ ಆ ತೋಡಿನಲ್ಲಿ ಬೀಳಬೇಕು, ಎರಡು ತೋಡುಗಳ ನಡುವಿನ ದಿಣ್ಣೆಯ ಮೇಲಲ್ಲ.

ಚೂಪುಮೂತಿ, ದೋಣಿತಳದ ಗುಂಡುಗಳು ದೂರದ ಗುರಿಗೆ ಒಳ್ಳೆಯವು. ಗಾಳಿಯನ್ನು ಚೆನ್ನಾಗಿ ಸೀಳುತ್ತವೆ, ಕೇಸಿನ ಬಾಯಿಗೆ ಸಲೀಸಾಗಿ ಇಳಿಯುತ್ತವೆ. ನೂರು, ನೂರೈವತ್ತು ಗಜದೊಳಗೆ ದಟ್ಟ ಕಾಡಿನಲ್ಲಿ ಬೇಟೆಯಾಡುವವರಿಗೆ ಅವುಗಳಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಚಪ್ಪಟೆ ತಳದ ಸಾದಾ ಗುಂಡೇ ಸಾಕು. ಗುರಿ ಹೊಡೆಯುವ ಸ್ಪರ್ಧೆಗೆಂದು ಮಾಡಿದ, ಮೂತಿಯಲ್ಲಿ ಸೂಜಿರಂಧ್ರ ಇರುವ ಮ್ಯಾಚ್ ಗುಂಡನ್ನು ಬೇಟೆಗೆ ಬಳಸಬಾರದು. ಅದು ಅರಳಿದರೂ ಅರಳಬಹುದು, ಅರಳದೆಯೂ ಹೋಗಬಹುದು. ಬೇಟೆಯ ಗುಂಡಿಗೂ ಕನಿಷ್ಠ ವೇಗ ಬೇಕು. ಅನೇಕ ಗುಂಡುಗಳಿಗೆ ತಯಾರಕರು ಹೇಳುವ ಮಿತಿ ಸೆಕೆಂಡಿಗೆ 1800 ಅಡಿಯ ಆಸುಪಾಸು. ಅದಕ್ಕಿಂತ ನಿಧಾನವಾಗಿ ತಗುಲಿದರೆ ಅರಳುವ ಭರವಸೆ ಇಲ್ಲ.

ಹೆಜ್ಜೆ 2: ಕ್ರಿಂಪ್ ಬೇಕೇ ಎಂದು ತೀರ್ಮಾನಿಸುವುದು

ಈ ತೀರ್ಮಾನ ರೈಫಲಿನ ಒಳಗೆ ತೋಟಾಗಳು ಹೇಗೆ ಕೂತಿರುತ್ತವೆ ಎಂಬುದರ ಮೇಲೆ ನಿಂತಿದೆ.

ನಳಿಗೆಯ ಕೆಳಗೆ ಕೊಳವೆ ಮ್ಯಾಗಝೀನ್ ಇರುವ, ಸನ್ನೆ ಎಳೆದು ಹೊಡೆಯುವ .30-30ಯಂಥ ರೈಫಲುಗಳಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ, ಎಂದರೆ ತಳದಲ್ಲಿ ಕಿಡಿ ಹುಟ್ಟಿಸುವ ಬಟ್ಟಲಿಗೆ, ಒತ್ತಿಕೊಂಡಿರುತ್ತದೆ. ಆದ್ದರಿಂದ ಇಲ್ಲಿ ಚಪ್ಪಟೆ ಮೂತಿ ಕಡ್ಡಾಯ, ಇಲ್ಲವೇ ಇದಕ್ಕೆಂದೇ ಮಾಡಿದ ಮೆತ್ತನೆಯ ಪಾಲಿಮರ್ ಮೂತಿ ಇರಬೇಕು. ಗಟ್ಟಿ ಚೂಪುಮೂತಿಯ ಗುಂಡು ಹೊಡೆತದ ಹಿಮ್ಮೆಟ್ಟಿಗೆ ಮುಂದಿನ ಕೇಪನ್ನು ಸಿಡಿಸಿಬಿಡಬಹುದು. ಸ್ಪ್ರಿಂಗಿನ ಒತ್ತಡವೂ ಹಿಮ್ಮೆಟ್ಟೂ ಸೇರಿ ಗುಂಡನ್ನು ಕೇಸಿನೊಳಕ್ಕೆ ನೂಕುತ್ತಿರುವುದರಿಂದ ಕ್ರಿಂಪ್ ಇಲ್ಲದೆ ಆಗದು.

ಸಾಮಾನ್ಯ ಬೋಲ್ಟ್ ರೈಫಲಿನ ಪೆಟ್ಟಿಗೆ ಮ್ಯಾಗಝೀನಿನಲ್ಲಿ ಆಗುವುದು ಬೇರೆ. ಗುಂಡು ಹಾರಿದಾಗ ರೈಫಲು ಹಿಂದಕ್ಕೆ ಜಿಗಿಯುತ್ತದೆ, ಒಳಗಿನ ತೋಟಾಗಳು ಇದ್ದಲ್ಲೇ ಇರಲು ನೋಡುತ್ತವೆ. ಹಾಗಾಗಿ ಮ್ಯಾಗಝೀನಿನ ಮುಂಗೋಡೆ ಬಂದು ಅವುಗಳ ಮೂತಿಗೆ ಬಡಿಯುತ್ತದೆ. ಗುಂಡು ಒಳಕ್ಕೆ ಸರಿದರೆ ಮದ್ದಿನ ಜಾಗ ಕುಗ್ಗಿ ಒತ್ತಡ ಏರುತ್ತದೆ. .270, .30-06ರಂಥ ಮಧ್ಯಮ ಅಳತೆಗಳಲ್ಲಿ ಕತ್ತಿನ ಬಿಗಿ ಸರಿಯಾಗಿದ್ದರೆ ಅದೇ ಇದನ್ನು ತಡೆಯುತ್ತದೆ, ಕ್ರಿಂಪ್ ಬೇಕಾಗುವುದಿಲ್ಲ. .375 ಎಚ್ ಆಂಡ್ ಎಚ್, .458 ವಿಂಚೆಸ್ಟರ್‌ನಂಥ ಭಾರಿ ಹಿಮ್ಮೆಟ್ಟಿನವಕ್ಕೆ ಬೇಕು.

ಜೋಡುನಳಿಗೆಯ ರೈಫಲಿನಲ್ಲಿ ಇದೇ ಭೌತಶಾಸ್ತ್ರ ಉಲ್ಟಾ ಹೊಡೆಯುತ್ತದೆ. ಒಂದು ನಳಿಗೆ ಹಾರಿದಾಗ ಇನ್ನೊಂದರಲ್ಲಿರುವ ತೋಟಾದ ಕೇಸು ರೈಫಲಿನ ಜೊತೆ ಹಿಂದಕ್ಕೆ ಹೋಗುತ್ತದೆ, ಭಾರವಾದ ಗುಂಡು ಮುಂದೆ ಉಳಿಯಲು ನೋಡುತ್ತದೆ. ಎಂದರೆ ಇಲ್ಲಿ ಗುಂಡು ಹೊರಕ್ಕೆ ತೆವಳುತ್ತದೆ. ಆಫ್ರಿಕಾದಲ್ಲಿ ಕಾಡೆಮ್ಮೆಯ ಎದುರು ಎರಡನೆಯ ಈಡನ್ನು ನೆಚ್ಚಿಕೊಂಡವನಿಗೆ ಗಟ್ಟಿ ಕ್ರಿಂಪ್ ಆಯ್ಕೆಯ ಮಾತಲ್ಲ.

ಒಂದೊಂದೇ ತೋಟಾ ತುಂಬಿ ಹೊಡೆಯುವ ರೈಫಲಿಗೆ ಕ್ರಿಂಪ್ ಅನಗತ್ಯ. ತಾನಾಗಿ ತುಂಬಿಕೊಳ್ಳುವ ರೈಫಲಿಗೆ ಹಗುರವಾದದ್ದು ಸಾಕು. ಇನ್ನು ಕ್ಯಾನಲೂರ್ ಇಲ್ಲದ ಗುಂಡಿಗೆ ಬಾಯಿ ಮಡಿಸುವ ಕ್ರಿಂಪ್ ಹಾಕಲೇಬಾರದು. ನಯವಾದ ಮೈಯಲ್ಲಿ ಹಿತ್ತಾಳೆಗೆ ಹೋಗಲು ಜಾಗವಿಲ್ಲ. ಅದು ಹೊದಿಕೆಯನ್ನು ಕುಗ್ಗಿಸುತ್ತದೆ ಅಥವಾ ತಾನೇ ಹೊರಕ್ಕೆ ಉಬ್ಬುತ್ತದೆ.

ಹೆಜ್ಜೆ 3: ಕತ್ತಿನ ಬಿಗಿ

ಹೊಡೆದ ಕೇಸನ್ನು ಸೈಸಿಂಗ್ ಡೈಗೆ, ಎಂದರೆ ಅದನ್ನು ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚಿಗೆ, ತೂರಿಸಿದಾಗ ಅದರ ಕತ್ತು ಕುಗ್ಗುತ್ತದೆ. ಡೈಯೊಳಗಿನ ಗುಂಡಗಿನ ಎಕ್ಸ್‌ಪ್ಯಾಂಡರ್ ಹೊರಬರುವಾಗ ಅದನ್ನು ಬೇಕಾದಷ್ಟು ಹಿಗ್ಗಿಸುತ್ತದೆ. ಗುಂಡಿನ ವ್ಯಾಸಕ್ಕಿಂತ ಕತ್ತಿನ ಒಳವ್ಯಾಸ ಇಂಚಿನ ಸಾವಿರದಲ್ಲಿ ಎರಡು ಮೂರು ಭಾಗ ಕಡಿಮೆ ಇದ್ದರೆ ಬೇಟೆಯ ತೋಟಾಗೆ ಸರಿಯಾದ ಬಿಗಿ. .30-06ರ ಗುಂಡು 0.308 ಇಂಚು. ಕತ್ತು 0.305 ಅಥವಾ 0.306 ಇರಬೇಕು. ಒಳಗಿನಿಂದ ಅಳೆಯುವುದು ಕಷ್ಟ. ಕ್ಯಾಲಿಪರಿನಿಂದ ಕತ್ತಿನ ಹೊರವ್ಯಾಸವನ್ನು ಗುಂಡು ಕೂರಿಸುವ ಮೊದಲು ಒಮ್ಮೆ, ಕೂರಿಸಿದ ಮೇಲೆ ಒಮ್ಮೆ ಅಳೆದರೆ ವ್ಯತ್ಯಾಸವೇ ಉತ್ತರ.

ಮದ್ದೂ ಕೇಪೂ ಇಲ್ಲದ ಸುಳ್ಳು ತೋಟಾ ಒಂದನ್ನು ಮಾಡಿ, ಕ್ರಿಂಪ್ ಹಾಕದೆ, ಮೂತಿಯನ್ನು ಮರದ ಮೇಜಿನ ಅಂಚಿಗೆ ಇಟ್ಟು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಗುಂಡು ಅಲುಗಿದರೆ ಕ್ರಿಂಪ್ ಡೈ ಕಡೆ ಕೈ ಹೋಗಬಾರದು. ಎಕ್ಸ್‌ಪ್ಯಾಂಡರ್ ದೊಡ್ಡದಾಗಿದೆಯೇ, ಕೇಸು ಹಲವು ಸಲ ಬಳಸಿ ಗಡುಸಾಗಿದೆಯೇ ಎಂದು ನೋಡಬೇಕು.

ಕ್ರಿಂಪ್ ಇದನ್ನು ಏಕೆ ಸರಿಮಾಡದು ಎಂದರೆ, ಹಿತ್ತಾಳೆಗೆ ಪುಟಿತ ಇದೆ, ಸೀಸಕ್ಕೆ ಇಲ್ಲ. ಡೈ ಎರಡನ್ನೂ ಒಟ್ಟಿಗೆ ಹಿಂಡುತ್ತದೆ. ಒತ್ತಡ ಬಿಟ್ಟಾಗ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಸೀಸದ ತಿರುಳು ಹಿಂಡಿದಷ್ಟಕ್ಕೇ ಉಳಿಯುತ್ತದೆ. ಅತಿಯಾಗಿ ಹಿಂಡಿದಷ್ಟೂ ನಡುವೆ ಸಡಿಲು ಹೆಚ್ಚುತ್ತದೆ. ಕ್ರಿಂಪ್ ಜಾಸ್ತಿಯಾದ ತೋಟಾದಲ್ಲಿ ಗುಂಡು ಬೆರಳಿನಿಂದ ತಿರುಗುವುದನ್ನು ನೋಡಿದವರು ನಂಬಲಾರದೆ ಇನ್ನೂ ಒಂದು ಸುತ್ತು ಬಿಗಿ ಮಾಡುತ್ತಾರೆ!

ಹೆಜ್ಜೆ 4: ಒಂದೇ ಉದ್ದ, ನಯವಾದ ಬಾಯಿ

ಹೊಡೆದು ಸೈಸ್ ಮಾಡಿದಂತೆಲ್ಲ ಕೇಸು ಉದ್ದವಾಗುತ್ತದೆ. ಬಾಯಿ ಮಡಿಸುವ ಡೈ ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಉದ್ದನೆಯ ಕೇಸಿಗೆ ಕ್ರಿಂಪ್ ಜಾಸ್ತಿ ಬೀಳುತ್ತದೆ, ಗಿಡ್ಡದಕ್ಕೆ ತಾಗುವುದೇ ಇಲ್ಲ. ಹೀಗಾಗಿ ಕ್ರಿಂಪ್ ಹಾಕುವ ಎಲ್ಲ ಕೇಸುಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. .30-06ಕ್ಕೆ ಗರಿಷ್ಠ 2.494 ಇಂಚು, ಕತ್ತರಿಸುವ ಅಳತೆ 2.484. ಆ ಮೇಲೆ ಬಾಯಿಯ ಒಳಗೂ ಹೊರಗೂ ಉಗುರಿನಿಂದ ತಡವಿದರೆ ಒರಟು ಸಿಗದಷ್ಟು ಮಾತ್ರ ಉಜ್ಜಿ. ಬಾಯಿಯನ್ನು ಚಾಕುವಿನ ಅಲಗಿನಂತೆ ಚೂಪು ಮಾಡಿದರೆ ಅದು ಗುಂಡಿನ ಹೊದಿಕೆಯನ್ನು ಸೀಳುತ್ತದೆ.

ಹೆಜ್ಜೆ 5: ಗುಂಡು ಕೂರಿಸುವುದು

ಹೆಚ್ಚಿನ ಸೀಟಿಂಗ್ ಡೈಗಳಲ್ಲಿ ಗುಂಡು ಕೂರಿಸುವ ದಂಡವೂ ಬಾಯಿ ಮಡಿಸುವ ಮೆಟ್ಟಿಲೂ ಒಟ್ಟಿಗೇ ಇರುತ್ತವೆ. ಎರಡನ್ನೂ ಒಂದೇ ಎಳೆತದಲ್ಲಿ ಮುಗಿಸಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಮುಗಿಸಬೇಡಿ. ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಯಿ ಕಚ್ಚಲು ಆರಂಭಿಸಿದರೆ ಹೊದಿಕೆ ಕೆರೆದುಹೋಗುತ್ತದೆ, ಕೇಸಿನ ಹೆಗಲು, ಎಂದರೆ ಕತ್ತಿನ ಕೆಳಗಿನ ಇಳಿಜಾರು, ಉಬ್ಬುತ್ತದೆ.

ಕತ್ತರಿಸಿದ ಖಾಲಿ ಕೇಸನ್ನು ಪ್ರೆಸ್ಸಿನಲ್ಲಿಟ್ಟು ಪೂರ್ತಿ ಮೇಲೇರಿಸಿ. ಡೈಯನ್ನು ಕೈಯಿಂದ ತಿರುಪುತ್ತ ಇಳಿಸಿ. ಬಾಯಿಗೆ ಮೆಟ್ಟಿಲು ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಒಂದು ಪೂರ್ತಿ ಸುತ್ತು ಹಿಂದಕ್ಕೆ ತಿರುಗಿಸಿ, ಡೈ ಅಲುಗದಂತೆ ಹಿಡಿಯುವ ಬೀಗಸುತ್ತು ಬಿಗಿ ಮಾಡಿ. ಈಗ ಡೈ ಕೂರಿಸುತ್ತದೆ, ಕ್ರಿಂಪ್ ಮಾಡುವುದಿಲ್ಲ. ದಂಡವನ್ನು ಮೇಲಕ್ಕೆತ್ತಿ, ಗುಂಡಿಟ್ಟು, ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ. ಕ್ಯಾನಲೂರಿನ ಮೇಲಂಚು ಮಾತ್ರ ಒಂದು ಕೂದಲೆಳೆ ಹೊರಗೆ ಕಾಣುವಂತೆ ಬಾಯಿ ನಿಲ್ಲಬೇಕು. ಒಟ್ಟು ಉದ್ದ .30-06ರಲ್ಲಿ 3.340 ಇಂಚು ಮೀರಬಾರದು. ಕ್ಯಾನಲೂರಿಗೂ ಕೈಪಿಡಿ ಹೇಳುವ ಉದ್ದಕ್ಕೂ ಹೊಂದಾಣಿಕೆ ಆಗದಿದ್ದರೆ ಆ ಗುಂಡು ಬೇರೆ ತೋಟಾಗೆಂದು ಮಾಡಿದ್ದು. ಕ್ಯಾನಲೂರ್ ತಲುಪಲೆಂದು ಗುಂಡನ್ನು ಆಳಕ್ಕೆ ಒತ್ತಬೇಡಿ, ಕ್ರಿಂಪ್ ಬಿಟ್ಟುಬಿಡಿ ಅಥವಾ ಗುಂಡು ಬದಲಿಸಿ.

ಹೆಜ್ಜೆ 6: ಕ್ರಿಂಪ್ ಹಾಕುವುದು

ಎಲ್ಲ ಗುಂಡುಗಳೂ ಕೂತ ಮೇಲೆ ದಂಡವನ್ನು ಪೂರ್ತಿ ಮೇಲಕ್ಕೆ ಬಿಚ್ಚಿ. ಗುಂಡು ಕೂತ ಸುಳ್ಳು ತೋಟಾವನ್ನು ಮೇಲೇರಿಸಿ, ಡೈಯನ್ನು ಬಾಯಿಗೆ ತಾಗುವವರೆಗೆ ಇಳಿಸಿ. ತೋಟಾವನ್ನು ಸ್ವಲ್ಪ ಕೆಳಗಿಳಿಸಿ, ಡೈಯನ್ನು ಎಂಟನೆಯ ಒಂದು ಸುತ್ತು ಕೆಳಕ್ಕೆ ತಿರುಪಿ, ಮತ್ತೆ ಏರಿಸಿ ನೋಡಿ. ಹೀಗೆ ಎಂಟನೆಯ ಒಂದರಂತೆ ಮುಂದುವರಿದಾಗ ಬಾಯಿಯ ಅಂಚು ಕ್ಯಾನಲೂರಿನೊಳಕ್ಕೆ ಸುತ್ತಲೂ ಸಮನಾಗಿ ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಬೆರಳ ತುದಿಗೆ ಅಂಚು ಸಿಗಬಾರದು, ಬಾಯಿ ಪೂರ್ತಿ ಹಲ್ಲುಗೆರೆಯೊಳಗೆ ಮುಚ್ಚಿಹೋಗಿರಲೂ ಬಾರದು. ಅಲ್ಲಿಗೆ ನಿಲ್ಲಿಸಿ ಬೀಗಸುತ್ತು ಹಾಕಿ. ಇದು ರೋಲ್ ಕ್ರಿಂಪ್.

ಇನ್ನೊಂದು ಬಗೆ ಕೊಲೆಟ್ ಡೈ. ನಾಲ್ಕು ಕಡೆಯ ಬೆರಳುಗಳು ಕತ್ತನ್ನು ಪಕ್ಕದಿಂದ ಹಿಂಡುತ್ತವೆ, ಮೇಲಿನಿಂದ ಒತ್ತುವುದಿಲ್ಲ. ಆದ್ದರಿಂದ ಹೆಗಲು ಕುಸಿಯುವ ಭಯವಿಲ್ಲ, ಕೇಸಿನ ಉದ್ದದಲ್ಲಿ ಸಣ್ಣ ವ್ಯತ್ಯಾಸವಿದ್ದರೂ ನಡೆಯುತ್ತದೆ. ಪ್ರೆಸ್ಸಿನಲ್ಲಿ ಕೇಸಿನ ತಳ ಹಿಡಿಯುವ ಶೆಲ್ ಹೋಲ್ಡರಿಗೆ ಡೈ ತಾಗಿದ ಮೇಲೆ ಅರ್ಧ ಸುತ್ತು ಇಳಿಸುವುದರಿಂದ ಆರಂಭಿಸಬೇಕು. ಹೊಸಬರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಕ್ಯಾನಲೂರ್ ಇಲ್ಲದ ಗುಂಡಿನ ಮೇಲೂ ಇದು ತನ್ನದೇ ಗೀರು ಒತ್ತಬಲ್ಲದು. ಮಾಡಬಲ್ಲದು ಎಂದ ಮಾತ್ರಕ್ಕೆ ಮಾಡಬೇಕೆಂದಿಲ್ಲ, ಗುಂಡಿನ ತಯಾರಕರು ಏನು ಹೇಳುತ್ತಾರೆ ಎಂದು ಮೊದಲು ನೋಡಿ. ಟೇಪರ್ ಕ್ರಿಂಪ್ ಎಂಬ ಮೂರನೆಯದು ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಾದ ಚೇಂಬರಿನಲ್ಲಿ ಬಾಯಿಯ ಅಂಚಿನ ಮೇಲೇ ನಿಲ್ಲುವ ಪಿಸ್ತೂಲು ತೋಟಾಗಳಿಗೆ. ಬೇಟೆಯ ರೈಫಲಿನವರಿಗೆ ಅದರ ಪ್ರಸಂಗ ಕಡಿಮೆ.

ಎರಕದ ಸೀಸದ ಗುಂಡು ಬಳಸುವವರು ಮಾತ್ರ ಬಾಯಿಯನ್ನು ಮೊದಲು ಚೂರು ಅಗಲಿಸಿ, ಗುಂಡು ಕೂರಿಸಿ, ಕೊನೆಗೆ ಕ್ರಿಂಪ್‌ನಿಂದ ಆ ಅಗಲವನ್ನು ಮುಚ್ಚಬೇಕು. ಇಲ್ಲವಾದರೆ ಮೆತ್ತನೆಯ ಸೀಸ ಉಗುರಿನಂತೆ ಸುಲಿದು ಬರುತ್ತದೆ.

ಕ್ರಿಂಪ್ ಬದಲಾದರೆ ತೋಟಾವೇ ಬದಲಾದಂತೆ. ಬಾಯಿ ಹೆಚ್ಚು ಗಟ್ಟಿಯಾಗಿ ಹಿಡಿದಾಗ ಗುಂಡು ಬಿಡುವ ಮೊದಲು ಒತ್ತಡ ಹೆಚ್ಚು ಬೆಳೆಯುತ್ತದೆ. ಕ್ರಿಂಪ್ ಇಲ್ಲದೆ ಗರಿಷ್ಠದ ಹತ್ತಿರ ಕಟ್ಟುತ್ತಿದ್ದವರು ಕ್ರಿಂಪ್ ಆರಂಭಿಸಿದಾಗ ಕೈಪಿಡಿಯ ಕನಿಷ್ಠ ಅಳತೆಗೆ ಇಳಿದು, ಅಲ್ಲಿಂದ ಮತ್ತೆ ಏರಬೇಕು.

ಹೆಜ್ಜೆ 7: ಪರೀಕ್ಷೆ

ಕ್ರಿಂಪ್ ಹಾಕಿದ ಸುಳ್ಳು ತೋಟಾದಿಂದ ಗುಂಡನ್ನು ಕಿತ್ತು ಅದರ ಮೈ ನೋಡಿ. ಸುತ್ತಲೂ ಸಮನಾದ, ತೆಳುವಾದ ಗೀರು ಇದ್ದರೆ ಒಳ್ಳೆಯದು. ಒಂದು ಕಡೆ ಆಳ, ಇನ್ನೊಂದು ಕಡೆ ಏನೂ ಇಲ್ಲ ಎಂದಾದರೆ ಕೇಸು ಓರೆಯಾಗಿ ಕತ್ತರಿಸಿದೆ. ತಾಮ್ರದ ಸಿಪ್ಪೆ ಎದ್ದಿದ್ದರೆ ಕ್ರಿಂಪ್ ಜಾಸ್ತಿ ಅಥವಾ ಬಾಯಿ ಚೂಪು. ಹೆಗಲು ಉಬ್ಬಿದೆಯೇ ಎಂದು ಕಣ್ಣು ಹೇಳಲಾರದು, ಚೇಂಬರಿನ ಅಳತೆಗೇ ಕೊರೆದ ಕೇಸ್ ಗೇಜ್‌ಗೆ ಇಳಿಸಿ ನೋಡಿ. ನಿಜವಾದ ತೋಟಾವನ್ನು ಮನೆಯೊಳಗೆ ರೈಫಲಿಗೆ ತೂರಿಸಿ ಪರೀಕ್ಷಿಸುವ ಅಭ್ಯಾಸ ಯಾರಿಗೂ ಬೇಡ.

ಅಂತಿಮ ತೀರ್ಪು ಗುರಿಯ ಮೈದಾನದಲ್ಲಿ. ಮ್ಯಾಗಝೀನಿನ ಅಡಿಯಲ್ಲಿರುವ ಒಂದು ತೋಟಾದ ಉದ್ದವನ್ನು ಅಳೆದು ಗುರುತು ಮಾಡಿಕೊಳ್ಳಿ. ಮೇಲಿನವನ್ನೆಲ್ಲ ಹೊಡೆದು, ಅದನ್ನು ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಬದಲಾಗಿಲ್ಲ ಎಂದರೆ ಹಿಡಿತ ಸಾಕು. ಕ್ರಿಂಪ್ ಇಲ್ಲದೆಯೇ ಈ ಪರೀಕ್ಷೆ ಗೆದ್ದ ತೋಟಾಗೆ ಕ್ರಿಂಪ್ ಹಾಕುವ ಕಾರಣ ನನಗಂತೂ ಕಾಣುವುದಿಲ್ಲ. ಅಳಿಯನ .30-06 ತೋಟಾಗಳಿಗೆ ಇವತ್ತಿಗೂ ಕ್ರಿಂಪ್ ಇಲ್ಲ.

ಊರಿನಲ್ಲಿರುವವರಿಗೆ: ಕೊಂಡ ತೋಟಾದ ಕತ್ತು ನೋಡುವುದು

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಹೊರತೆಗೆದು ಒರೆಸಿ, ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗಿಡುತ್ತೇವೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗೂ ಹೋಗುತ್ತೇವೆ. ಕೋವಿಗೆ ಕೊಡುವ ಗಮನದ ಕಾಲು ಭಾಗವೂ ತೋಟಾಗೆ ಸಿಗುವುದಿಲ್ಲ. ಆ ಹಬ್ಬ ಬರುವುದೇ ಮಳೆಗಾಲದ ಕೊನೆಯಲ್ಲಿ, ತೋಟಾಗಳು ಮೂರು ತಿಂಗಳು ಥಂಡಿ ಕುಡಿದು ಕೂತಿರುವ ಹೊತ್ತಿನಲ್ಲಿ.

ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯನ್ನು ಒಂದು ಸಮಸ್ಯೆ ಕಾಡಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡಿದ ತೋಟಾಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು, ಅದೂ ಗುಂಡನ್ನು ಬಿಗಿಯಾಗಿ ಹಿಡಿದ ಕತ್ತಿನಲ್ಲಿ. ಮಳೆಗಾಲದಲ್ಲಿ ಕಂಡದ್ದರಿಂದ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಿತ್ತು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಕಾರಣ ವಿವರಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದಲ್ಲಿ ಕರಗಿ, ಒಳಗೇ ಸೆಳೆತದಲ್ಲಿರುವ ಹಿತ್ತಾಳೆಯ ಮೇಲೆ ಕೂತಾಗ ಲೋಹ ಸೀಳುತ್ತದೆ. ಗುಂಡನ್ನು ಹಿಡಿದ ಕತ್ತು ಯಾವಾಗಲೂ ಸೆಳೆತದಲ್ಲೇ ಇರುತ್ತದೆ. ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಸೆಳೆತ ಇಳಿಸುವುದು ಅಂದಿನ ಪರಿಹಾರವಾಗಿತ್ತು, ಕಾರ್ಖಾನೆಗಳು ಈಗಲೂ ಅದನ್ನು ಪಾಲಿಸುತ್ತವೆ.

ನಮ್ಮ ಮನೆಗಳಲ್ಲಿ ಕುದುರೆ ಲಾಯ ಇಲ್ಲ, ಸರಿ. ಆದರೆ ಎಸ್ಟೇಟಿನ ಗೋದಾಮಿನಲ್ಲಿ ಯೂರಿಯಾ, ಅಮೋನಿಯಂ ಸಲ್ಫೇಟು, ಕೋಳಿಗೊಬ್ಬರ ಇವೆ. ಪಕ್ಕದಲ್ಲೇ ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣವೂ ಇದೆ. ಅಮೋನಿಯಂ ಸಲ್ಫೇಟಿಗೆ ಸುಣ್ಣವೂ ತೇವವೂ ಸೇರಿದರೆ ಅಮೋನಿಯಾ ಏಳುವುದನ್ನು ಮೂಗೇ ಹೇಳುತ್ತದೆ. ಮಕ್ಕಳ ಕೈಗೆ ಸಿಗದಿರಲಿ ಎಂದು ತೋಟಾ ಡಬ್ಬಿಯನ್ನು ಆ ಗೋದಾಮಿನ ಅಟ್ಟದಲ್ಲಿಡುವ ಮನೆಗಳನ್ನು ನಾನು ನೋಡಿದ್ದೇನೆ. ಗೋದಾಮು, ಕೊಟ್ಟಿಗೆ ಎರಡೂ ಬೇಡ. ಮನೆಯೊಳಗೆ, ಬೀಗ ಹಾಕಿದ ಕಪಾಟಿನಲ್ಲಿ, ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೋವಿ ಬೇರೆ ಕಡೆ ಇರಲಿ.

ತೋಟಾ ಮಂಕಾಗಿದೆ ಎಂದು ದೇವರ ದೀಪದಂತೆ ಹುಣಸೆಹುಳಿ ಹಾಕಿ ಉಜ್ಜಬೇಡಿ. ಹುಳಿ ಹಿತ್ತಾಳೆಯನ್ನು ಕೊರೆಯುತ್ತದೆ. ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಇನ್ನೂ ಕೆಟ್ಟದ್ದು. ಎಣ್ಣೆಯನ್ನೂ ಸವರಬೇಡಿ. ಅದು ಕೇಪಿನೊಳಗೆ ಇಳಿದರೆ ತೋಟಾ ಠುಸ್ ಆಗುತ್ತದೆ, ಕೇಸಿನ ಮೈಮೇಲಿದ್ದರೆ ಬೋಲ್ಟಿನ ಮೇಲಿನ ಒತ್ತಡ ಹೆಚ್ಚುತ್ತದೆ. ಒಣ ಬಟ್ಟೆ ಸಾಕು.

ಹಬ್ಬಕ್ಕೆ ಮೊದಲು ಪ್ರತಿ ತೋಟಾವನ್ನೂ ಹಗಲು ಬೆಳಕಿನಲ್ಲಿ ತಿರುಗಿಸಿ ನೋಡಿ. ಕತ್ತಿನಲ್ಲಿ ಕೂದಲಿನಂಥ ಉದ್ದ ಬಿರುಕು ಇದೆಯೇ, ಬಾಯಿಯ ಕ್ರಿಂಪ್ ಸುತ್ತ ಹಸಿರು ಕಿಲುಬು ಕಟ್ಟಿದೆಯೇ, ಗುಂಡು ಪಕ್ಕದ ತೋಟಾಗಿಂತ ಒಳಕ್ಕೆ ಹೋಗಿದೆಯೇ? ಗುಂಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ತಿರುಗಿಸಿ. ತಿರುಗಿದರೆ ಆ ತೋಟಾ ಕೋವಿಗೆ ಹೋಗಬಾರದು.

ಹನ್ನೆರಡು ಬೋರಿನ ಕೋವಿಯವರಿಗೆ ಒಂದು ಮಾತು ಬೇರೆಯೇ ಇದೆ. ಚರೆ ತೋಟಾದ ಬಾಯನ್ನು ನಕ್ಷತ್ರದ ಆಕಾರದಲ್ಲಿ ಮಡಿಸುವುದಕ್ಕೂ ಕ್ರಿಂಪ್ ಎನ್ನುತ್ತಾರೆ. ಐನ್‌ಮನೆಗಳಲ್ಲಿ, ಎಂದರೆ ಕುಲದ ಹಿರಿಮನೆಗಳಲ್ಲಿ, ಉಳಿದಿರುವ ಹಳೆಯ ಇಂಗ್ಲಿಷ್ ಜೋಡುನಳಿಗೆಗಳಲ್ಲಿ ಅನೇಕಕ್ಕೆ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗಿನ ಎರಡೂಮುಕ್ಕಾಲು ಇಂಚಿನ, 70 ಮಿ.ಮೀ. ತೋಟಾ ಮಡಿಸಿಕೊಂಡಿರುವಾಗ ಗಿಡ್ಡವಾಗಿಯೇ ಕಾಣುತ್ತದೆ, ಹಳೆಯ ಚೇಂಬರಿಗೆ ತಕರಾರಿಲ್ಲದೆ ಇಳಿಯುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತದೆ. ಚರೆ ಹೊರಡಬೇಕಾದ ದಾರಿಯೇ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ತೋಟಾ ಹಿಡಿಸಿತು ಎಂಬುದು ಸರಿಯಾದ ತೋಟಾ ಎನ್ನುವುದಕ್ಕೆ ಸಾಕ್ಷಿಯಲ್ಲ. ಡಬ್ಬಿಯ ಮೇಲೆ ಬರೆದಿರುವ ಉದ್ದ ಬಿಚ್ಚಿದ ಮೇಲಿನದು. ಕೋವಿಯ ನಳಿಗೆಯಡಿಯ ಗುರುತನ್ನು ಬಲ್ಲವರಿಂದ ಓದಿಸಿ, ಎರಡನ್ನೂ ಹೋಲಿಸಿ ನೋಡಿ.

ಹೊಡೆಯಲಾಗದ ತೋಟಾಗಳನ್ನು ಒಡೆದು ಮದ್ದು ತೆಗೆಯುವುದು, ಒಲೆಗೆ ಹಾಕುವುದು, ಕೆರೆಗೆ ಎಸೆಯುವುದು, ಮಣ್ಣಲ್ಲಿ ಹೂಳುವುದು ಯಾವುದೂ ಬೇಡ. ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ ‘ಹೊಡೆಯಬಾರದು’ ಎಂದು ಬರೆದು, ಪರವಾನಗಿ ಇರುವ ಮದ್ದುಗುಂಡು ವ್ಯಾಪಾರಿಯನ್ನೋ ನಿಮ್ಮ ಪೊಲೀಸ್ ಠಾಣೆಯನ್ನೋ ಮೊದಲು ವಿಚಾರಿಸಿ ಒಪ್ಪಿಸಿ. ಒಪ್ಪಿಸಿದ್ದಕ್ಕೆ ಎಣಿಕೆ ಸಮೇತ ರಶೀದಿ ಪಡೆಯುವುದನ್ನು ಮರೆಯಬೇಡಿ.